ಮಕ್ಕಳ ರಕ್ತದಲ್ಲಿ ಸೀಸ: ಎಣಿಸಲು ಯಾರಿಗೆ ಭಯ?

2015ರ ಜೂನ್ ತಿಂಗಳನ್ನು ಓದುಗರು ಒಮ್ಮೆ ನೆನಪಿಸಿಕೊಳ್ಳಬೇಕು. ಮ್ಯಾಗಿ ನೂಡಲ್ಸ್‌ನಲ್ಲಿ ಮಿತಿಗಿಂತ ಹೆಚ್ಚು ಸೀಸ ಇದೆ ಎಂಬ ಸುದ್ದಿ ಬಂದದ್ದೇ ತಡ, ಇಡೀ ದೇಶ ಎದ್ದು ಕುಳಿತಿತು. ಟಿವಿ ಚಾನೆಲ್‌ಗಳಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧ ಹೇರಿತು. ಅಂಗಡಿಗಳಿಂದ ಪ್ಯಾಕೆಟ್‌ಗಳು ಮಾಯವಾದವು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧವನ್ನು ರದ್ದುಪಡಿಸಿತು, ನವೆಂಬರ್‌ನಲ್ಲಿ ನೂಡಲ್ಸ್ ಮತ್ತೆ ಅಂಗಡಿಗೆ ಬಂತು. ಅಲ್ಲಿಗೆ ನಮ್ಮ ಸೀಸದ ಚಿಂತೆಯೂ ಮುಗಿಯಿತು.

ಆ ವಿವಾದದಲ್ಲಿ ಯಾರದು ಸರಿ, ಯಾರದು ತಪ್ಪು ಎಂಬುದು ಇಲ್ಲಿನ ವಿಷಯವಲ್ಲ. ನನ್ನ ಪ್ರಶ್ನೆ ಬೇರೆ. ಸೀಸ ಮಕ್ಕಳಿಗೆ ವಿಷ ಎಂಬುದು ಅಷ್ಟು ಚೆನ್ನಾಗಿ ಗೊತ್ತಿರುವ ಈ ದೇಶದಲ್ಲಿ, ಮಕ್ಕಳ ರಕ್ತದಲ್ಲಿ ಎಷ್ಟು ಸೀಸ ಸೇರಿದೆ ಎಂದು ನಿಯಮಿತವಾಗಿ ನೋಡುವ ವ್ಯವಸ್ಥೆಯೊಂದು ಇಂದಿಗೂ ಏಕಿಲ್ಲ? ನೂಡಲ್ಸ್ ಪ್ಯಾಕೆಟ್ಟನ್ನು ಪರೀಕ್ಷೆಗೆ ಕಳುಹಿಸಿದ ಸರಕಾರ, ಹಳೆಯ ಬ್ಯಾಟರಿ ಒಡೆಯುವ ಗುಜರಿ ಓಣಿಯಲ್ಲಿ ಬರಿಗಾಲಲ್ಲಿ ಆಡುವ ಮಗುವಿನ ಬೆರಳಿನಿಂದ ಎರಡು ಹನಿ ರಕ್ತ ತೆಗೆದು ನೋಡಲು ಏಕೆ ಹಿಂಜರಿಯುತ್ತಿದೆ?

ಉತ್ತರ ಕಷ್ಟದ್ದೇನಲ್ಲ. ನೂಡಲ್ಸ್ ತಿನ್ನುವ ಮಕ್ಕಳ ತಂದೆ ತಾಯಂದಿರಿಗೆ ದನಿ ಇದೆ. ಗುಜರಿ ಓಣಿಯ ಮಗುವಿನ ಪರವಾಗಿ ಮಾತನಾಡುವ ಚಾನೆಲ್ ಇಲ್ಲ.

ಈ ವಿಷ ಮಾಡುವುದೇನು?

ಸೀಸದ ಸ್ವಭಾವವನ್ನು ಮೊದಲು ತಿಳಿಯೋಣ. ಇದು ದೇಹಕ್ಕೆ ಯಾವ ಕೆಲಸಕ್ಕೂ ಬೇಡದ ಲೋಹ. ಆದರೆ ದೇಹ ಇದನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿಯುತ್ತದೆ. ಎಲುಬಿನಲ್ಲಿ ಕೂಡಿಟ್ಟುಕೊಳ್ಳುತ್ತದೆ, ಮಿದುಳಿಗೂ ಬಿಟ್ಟುಕೊಳ್ಳುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಚಿಕ್ಕ ಮಕ್ಕಳು ಅದನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತಾರೆ. ಹೊಟ್ಟೆ ಖಾಲಿ ಇದ್ದರೆ, ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಎಲುಬಿನಲ್ಲಿ ಸೇರಿದ್ದು ದಶಕಗಟ್ಟಲೆ ಅಲ್ಲೇ ಇರುತ್ತದೆ. ಹೆಣ್ಣು ಮಗು ಬೆಳೆದು ತಾನೇ ಬಸುರಿಯಾದಾಗ ಅದು ಎಲುಬಿನಿಂದ ಹೊರಬಂದು ಗರ್ಭದ ಶಿಶುವನ್ನೂ ಸೇರುತ್ತದೆ.

ಪ್ರಮಾಣ ತೀರಾ ಹೆಚ್ಚಾದರೆ ಹೊಟ್ಟೆನೋವು, ಅಪಸ್ಮಾರ, ಸಾವು. ಪ್ರಮಾಣ ಕಡಿಮೆ ಇದ್ದಾಗ ಹೊರಗೆ ಏನೂ ಕಾಣುವುದಿಲ್ಲ. ಮಗು ಓಡಾಡುತ್ತಿರುತ್ತದೆ, ನಗುತ್ತಿರುತ್ತದೆ. ಆದರೆ ಕಲಿಯುವ ಶಕ್ತಿ ಕುಂದುತ್ತದೆ, ಗಮನ ನಿಲ್ಲುವುದಿಲ್ಲ, ಸಿಟ್ಟು ಬೇಗ ಬರುತ್ತದೆ. ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್ 1979ರಲ್ಲೇ ಇದನ್ನು ತೋರಿಸಿದ್ದರು. ಶಾಲಾ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಅದರಲ್ಲಿನ ಸೀಸವನ್ನು ಅಳೆದರು. ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿ ಪರೀಕ್ಷೆಯಲ್ಲೂ ತರಗತಿಯ ನಡವಳಿಕೆಯಲ್ಲೂ ಹಿಂದಿದ್ದರು. ಅವರಲ್ಲಿ ಯಾರೂ ಕಾಯಿಲೆಯವರಂತೆ ಕಾಣುತ್ತಿರಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇದಕ್ಕೆ ಮದ್ದಿಲ್ಲ. ತೀವ್ರ ವಿಷವೇರಿದ ಮಗುವಿನ ಜೀವ ಉಳಿಸಲು ರಕ್ತದಿಂದ ಸೀಸ ತೆಗೆಯುವ ಔಷಧಿಗಳಿವೆ. ಆದರೆ ಮಿದುಳಿಗೆ ಒಮ್ಮೆ ಆದ ನಷ್ಟವನ್ನು ಅವು ತುಂಬಿಕೊಡುವುದಿಲ್ಲ. ಆದ್ದರಿಂದ ಆಸ್ಪತ್ರೆ ಕಟ್ಟಿಸಿ, ವೈದ್ಯರನ್ನು ನೇಮಿಸಿ ಪರಿಹರಿಸುವ ಸಮಸ್ಯೆ ಇದಲ್ಲ. ಸೀಸ ಮಗುವನ್ನು ತಲುಪುವ ಮೊದಲೇ ಅದನ್ನು ಹುಡುಕಿ ತಡೆಯಬೇಕು. ಆ ಕೆಲಸ ದಿಲ್ಲಿಯಲ್ಲಿ ಕುಳಿತು ಆಗುವಂಥದ್ದಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ, ಪಂಚಾಯತ್, ನಗರಸಭೆಗಳೇ ಮಾಡಬೇಕು.

ಬೆಂಗಳೂರು ತೋರಿಸಿದ ದಾರಿ

ಕರ್ನಾಟಕಕ್ಕೆ ಈ ವಿಷಯ ಹೊಸತೇನೂ ಅಲ್ಲ. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಬೆಂಗಳೂರನ್ನೂ ಸೇರಿಸಿ ಏಳು ನಗರಗಳಲ್ಲಿ 20 ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ನಡೆಸಿತ್ತು. ಪರೀಕ್ಷೆಗೊಳಗಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂ, ಇಲ್ಲವೇ ಅದಕ್ಕೂ ಮಿಗಿಲು ಸೀಸ ಸಿಕ್ಕಿತು. ಅಂದು ಅಪಾಯದ ಗೆರೆ ಎಂದು ಗುರುತಿಸಿದ್ದು ಆ ಹತ್ತನ್ನೇ. 1999ರಲ್ಲಿ ಬೆಂಗಳೂರಿನಲ್ಲೇ ಇದರ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದಲ್ಲಿ ದೇಶಾದ್ಯಂತ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ನಿಂತಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷಕ್ಕಾಗಿಯೇ ಒಂದು ರಾಷ್ಟ್ರೀಯ ಕೇಂದ್ರವನ್ನು ಕಟ್ಟಿ ಬೆಳೆಸಿದರು.

ಪೆಟ್ರೋಲಿನಿಂದ ಸೀಸ ಹೋದದ್ದು ದೊಡ್ಡ ಗೆಲುವು, ಅನುಮಾನವಿಲ್ಲ. ಆದರೆ ಆ ಗೆಲುವಿನ ನಂತರ ಸರಕಾರ ಕೈತೊಳೆದುಕೊಂಡಿತು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು ಜಂಟಿ ವರದಿ ಪ್ರಕಟಿಸಿದವು. ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದೆ, ಅಂಥ ಮಕ್ಕಳು ಸುಮಾರು 80 ಕೋಟಿ, ಅದರಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ಭಾರತದಲ್ಲೇ ಇದ್ದಾರೆ ಎಂದು ಅದು ಅಂದಾಜಿಸಿತು. ಐದು ಮೈಕ್ರೋಗ್ರಾಂ ಮುಟ್ಟಿದರೆ ಮೂಲವನ್ನು ಹುಡುಕಿ ಕ್ರಮ ಕೈಗೊಳ್ಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಇದಕ್ಕಿಂತ ಕೆಳಗಿದ್ದರೆ ಭಯವಿಲ್ಲ ಎನ್ನಬಹುದಾದ ಸುರಕ್ಷಿತ ಮಟ್ಟ ಯಾವುದೂ ಇಲ್ಲ ಎಂದೂ ಅದೇ ಸಂಸ್ಥೆ ಹೇಳುತ್ತದೆ.

27 ಕೋಟಿ ಎಂಬುದು ಲೆಕ್ಕಾಚಾರದಿಂದ ಬಂದ ಅಂದಾಜು. ಮನೆಮನೆಗೆ ಹೋಗಿ ಎಣಿಸಿದ್ದಲ್ಲ. ಯಾವ ತಾಲೂಕಿನಲ್ಲಿ, ಯಾವ ಓಣಿಯಲ್ಲಿ, ಯಾರ ಮನೆಯ ಮಗು ಎಂದು ಕೇಳಿದರೆ ಜಿಲ್ಲಾ ಆರೋಗ್ಯಾಧಿಕಾರಿಯ ಬಳಿ ಕಡತವಿಲ್ಲ. ಎಣಿಸದ ಮಕ್ಕಳಿಗೆ ಯಾರೂ ಜವಾಬ್ದಾರರಾಗಬೇಕಿಲ್ಲ. ಈ ಅನುಕೂಲವನ್ನು ಬಿಟ್ಟುಕೊಡಲು ಆಡಳಿತಕ್ಕೆ ಮನಸ್ಸಿಲ್ಲ.

ಗುಜರಿ ಓಣಿಯ ಲೆಕ್ಕ

ಇಂದು ಜಗತ್ತಿನಲ್ಲಿ ಬಳಕೆಯಾಗುವ ಸೀಸದ ಬಹುಪಾಲು ಬ್ಯಾಟರಿಗೆ ಹೋಗುತ್ತದೆ. ಕರೆಂಟು ಹೋದಾಗ ನಮ್ಮ ಮನೆಯ ಫ್ಯಾನು ತಿರುಗುವುದು ಇದೇ ಬ್ಯಾಟರಿಯಿಂದ. ಕಾರು, ಆಟೋ, ಲಾರಿ ಎಲ್ಲಕ್ಕೂ ಇದೇ ಬೇಕು. ಎರಡು ಮೂರು ವರ್ಷಕ್ಕೆ ಅದು ಸತ್ತಾಗ ನಾವು ಹಳತನ್ನು ಕೊಟ್ಟು ಹೊಸತು ತರುತ್ತೇವೆ. ಹಳತು ಎಲ್ಲಿ ಹೋಯಿತೆಂದು ಕೇಳುವುದಿಲ್ಲ.

ಹಳೆ ಬ್ಯಾಟರಿಯನ್ನು ಅಂಗಡಿಯವರು ವಾಪಸು ಪಡೆದು ನೋಂದಾಯಿತ ಕಾರ್ಖಾನೆಗೇ ಕಳುಹಿಸಬೇಕೆಂಬ ನಿಯಮ 2001ರಲ್ಲೇ ಬಂದಿದೆ. 2022ರಲ್ಲಿ ಹೊಸ ನಿಯಮ ಬಂದು ಬ್ಯಾಟರಿ ತಯಾರಿಸುವ ಕಂಪೆನಿಗಳೇ ಹೊಣೆ ಹೊರಬೇಕೆಂದಾಯಿತು. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಬ್ಯಾಟರಿಯ ಒಂದು ಪಾಲು ಇಂದಿಗೂ ಊರ ಹೊರಗಿನ ಶೆಡ್ಡುಗಳಿಗೆ ಹೋಗುತ್ತದೆ. ಅಲ್ಲಿ ಕತ್ತಿ ಸುತ್ತಿಗೆಗಳಿಂದ ಅದನ್ನು ಒಡೆಯುತ್ತಾರೆ. ಆಸಿಡ್ ಮಣ್ಣಿಗೆ ಸುರಿಯುತ್ತದೆ. ಒಳಗಿನ ಸೀಸವನ್ನು ತೆರೆದ ಭಟ್ಟಿಯಲ್ಲಿ ಕರಗಿಸಿ ಗಟ್ಟಿ ಮಾಡಿ ಮಾರುತ್ತಾರೆ. ಹೊಗೆಯೂ ಧೂಳೂ ಸುತ್ತಲಿನ ನೆಲದ ಮೇಲೆ ಕೂರುತ್ತವೆ. ಸಂಜೆ ಕೆಲಸ ಮುಗಿಸಿ ಬಂದ ಅಪ್ಪನನ್ನು ಮಗು ಓಡಿಬಂದು ಅಪ್ಪಿಕೊಂಡಾಗ ಅವನ ಅಂಗಿಯಲ್ಲಿದ್ದ ಸೀಸದ ಧೂಳು ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ.

ಇದು ಎಲ್ಲಿಗೆ ಮುಟ್ಟಬಹುದೆಂದು ಆಫ್ರಿಕಾದ ಸೆನೆಗಲ್ ದೇಶ ತೋರಿಸಿದೆ. ಅದರ ರಾಜಧಾನಿ ಡಕಾರ್‌ನ ಹೊರವಲಯದ ತಿಯಾರೊಯ್ ಸುರ್ ಮೇರ್‌ನಲ್ಲಿ ಹಳೆ ಬ್ಯಾಟರಿಗಳ ಕೆಲಸ ನಡೆಯುತ್ತಿತ್ತು. ಸೀಸದ ಬೆಲೆ ಏರಿದಾಗ ಅಲ್ಲಿನ ಬಡವರು ಬ್ಯಾಟರಿಯ ಮಣ್ಣನ್ನೇ ಅಗೆದು ಜರಡಿ ಹಿಡಿಯತೊಡಗಿದರು. 2007ರ ನವೆಂಬರ್‌ನಿಂದ 2008ರ ಮಾರ್ಚ್ ಒಳಗೆ 18 ಮಕ್ಕಳು ಸತ್ತರು. ಮೊದಲಿಗೆ ಕಾರಣವೇ ತಿಳಿದಿರಲಿಲ್ಲ. ಆಮೇಲೆ ಸತ್ತ ಮಕ್ಕಳ ಒಡಹುಟ್ಟಿದವರ, ತಾಯಂದಿರ ರಕ್ತ ಪರೀಕ್ಷಿಸಿದಾಗ ಎಲ್ಲರಲ್ಲೂ ಅಪಾಯಕಾರಿ ಮಟ್ಟದ ಸೀಸ ಕಂಡುಬಂತು. ಮೊದಲೇ ಪರೀಕ್ಷಿಸಿದ್ದರೆ ಆ ಮಕ್ಕಳು ಬದುಕುತ್ತಿದ್ದರಲ್ಲವೇ?

ನಮ್ಮ ಊರುಗಳ ಗುಜರಿ ವ್ಯಾಪಾರದಲ್ಲಿ ಮುಸ್ಲಿಮರೂ ದಲಿತರೂ ಬಹಳ ಮಂದಿ ಇದ್ದಾರೆ. ಬೇರೆ ದಾರಿ ಕಾಣದೆ ಈ ಕೆಲಸಕ್ಕೆ ಬಂದವರು ಇವರು. ಆದ್ದರಿಂದ ಸೀಸದ ಮಾತೆತ್ತಿದೊಡನೆ ನಾಲ್ಕು ಶೆಡ್ಡುಗಳಿಗೆ ಬೀಗ ಜಡಿದು, ಇಬ್ಬರು ಬಡಪಾಯಿಗಳ ಮೇಲೆ ಕೇಸು ಹಾಕಿ ಫೋಟೋ ತೆಗೆಸಿಕೊಳ್ಳುವ ಕ್ರಮವನ್ನು ನಾನು ಒಪ್ಪುವುದಿಲ್ಲ. ಬೀಗ ಬಿದ್ದ ಶೆಡ್ಡು ಮುಂದಿನ ತಿಂಗಳು ಇನ್ನೊಂದು ಊರಿನಲ್ಲಿ ತೆರೆಯುತ್ತದೆ, ಅಲ್ಲಿನ ಮಕ್ಕಳಿಗೆ ವಿಷವೇರುತ್ತದೆ. ಗುಜರಿಯವನು ಬ್ಯಾಟರಿ ಒಡೆಯದೆ ಹಾಗೆಯೇ ಕಾರ್ಖಾನೆಗೆ ಮಾರಿದರೂ ಅವನಿಗೆ ನ್ಯಾಯವಾದ ಬೆಲೆ ಸಿಗಬೇಕು. ಅದನ್ನು ಕೊಡಬೇಕಾದವರು ಬ್ಯಾಟರಿ ಮಾರಿ ಲಾಭ ಮಾಡಿದ ಕಂಪೆನಿಗಳು. ಮಾಲಿನ್ಯ ನಿಯಂತ್ರಣ ಮಂಡಳಿ ಹಿಡಿಯಬೇಕಾದ ಕೊರಳಪಟ್ಟಿ ಅವರದು.

ನಮ್ಮ ಮನೆಯ ಸುರ್ಮಾದಾನಿ

ಸರಕಾರವನ್ನೂ ಕಂಪೆನಿಗಳನ್ನೂ ಬೈದು ಲೇಖನ ಮುಗಿಸಿದರೆ ಅದು ಪ್ರಾಮಾಣಿಕತೆ ಆಗಲಾರದು. ನಮ್ಮ ಮನೆಯೊಳಗಿನ ಮಾತನ್ನೂ ಆಡಬೇಕಾಗಿದೆ.

ಪುಟ್ಟ ಮಗುವಿನ ಕಣ್ಣಿಗೆ ಸುರ್ಮಾ ಹಚ್ಚುವುದು ನಮ್ಮ ಎಷ್ಟೋ ಮನೆಗಳ ರೂಢಿ. ನನ್ನ ಕಣ್ಣಿಗೂ ಅಜ್ಜಿ ಹಚ್ಚಿದ್ದರು. ದೃಷ್ಟಿ ಚುರುಕಾಗಲಿ, ಕಣ್ಣು ತಂಪಾಗಲಿ ಎಂಬ ಪ್ರೀತಿ ಅದರಲ್ಲಿತ್ತು. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲೇ ಮಾಡುವ ಕಾಡಿಗೆಯ ಮಾತು ಬೇರೆ, ಅದರಲ್ಲಿ ಸೀಸ ಇರುವುದಿಲ್ಲ. ಆದರೆ ಪೇಟೆಯಲ್ಲಿ ಹೊಳೆಯುವ ಕಪ್ಪು ಪುಡಿಯಾಗಿ ಸಿಗುವ ಸುರ್ಮಾ ಅನೇಕ ಬಾರಿ ಗೆಲೀನಾ ಎಂಬ ಕಲ್ಲಿನ ಪುಡಿ. ಅದು ಸೀಸದ ಅದಿರು. 1960ರ ದಶಕದಲ್ಲೇ ಬ್ರಿಟನ್ನಿನ ವೈದ್ಯರು ಅಲ್ಲಿಗೆ ವಲಸೆ ಹೋದ ಏಷ್ಯದ ಕುಟುಂಬಗಳ ಮಕ್ಕಳಲ್ಲಿ ಸುರ್ಮಾದಿಂದ ಸೀಸ ಸೇರುವುದನ್ನು ಗುರುತಿಸಿ ಬರೆದಿದ್ದರು. ಮಗು ಕಣ್ಣುಜ್ಜಿಕೊಂಡು ಬೆರಳನ್ನು ಬಾಯಿಗಿಟ್ಟರೆ ಅಷ್ಟೇ ಸಾಕು.

ಇದನ್ನು ಹೇಳಿದರೆ ಕೆಲವರು ಸಿಟ್ಟಾಗುತ್ತಾರೆ. ಸುನ್ನತ್‌ನ ವಿಷಯಕ್ಕೆ ಕೈಹಾಕಬೇಡಿ ಎನ್ನುತ್ತಾರೆ. ಹದೀಸ್‌ಗಳಲ್ಲಿ ಬರುವುದು ಇಥ್ಮಿದ್. ಅದನ್ನು ಆಂಟಿಮನಿ ಎಂಬ ಬೇರೆಯೇ ವಸ್ತುವೆಂದು ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ. ಡಬ್ಬಿಯ ಮೇಲೆ ಅರಬಿ ಅಕ್ಷರ ಇದ್ದ ಮಾತ್ರಕ್ಕೆ ಒಳಗಿನ ಸೀಸದ ಪುಡಿ ಸುನ್ನತ್ ಆಗಿಬಿಡುತ್ತದೆಯೇ? ಲಾಭ ತರುವುದಕ್ಕಿಂತ ಮೊದಲು ಹಾನಿಯನ್ನು ತಡೆಯಬೇಕೆಂಬುದು ನಮ್ಮ ಫಿಕ್‌ಹ್‌ನ ಪ್ರಸಿದ್ಧ ತತ್ವಗಳಲ್ಲೊಂದು. ಶಿಶುವಿನ ಕಣ್ಣಿಗಿಂತ ಹೆಚ್ಚಾಗಿ ಆ ತತ್ವ ಅನ್ವಯವಾಗುವ ಜಾಗ ಇನ್ನಾವುದಿದೆ? ಈ ಮಾತನ್ನು ವೈದ್ಯರು ಹೇಳುವುದಕ್ಕಿಂತ ಜುಮಾ ಖುತುಬಾದಲ್ಲಿ ಖತೀಬರು ಹೇಳಿದರೆ ಸಾವಿರ ಮನೆಗೆ ತಲುಪುತ್ತದೆ.

ಕಲಾಯಿಯ ವಿಷಯವೂ ಹೀಗೆಯೇ. ಹಿತ್ತಾಳೆ ಪಾತ್ರೆಗೆ ಶುದ್ಧ ತವರದ ಕಲಾಯಿ ಹಾಕಿದರೆ ಆತಂಕವಿಲ್ಲ. ತವರ ದುಬಾರಿ, ಸೀಸ ಅಗ್ಗ. ಬೆರಕೆ ಮಾಡಿದ ಕಲಾಯಿಯ ಪಾತ್ರೆಯಲ್ಲಿ ಹುಣಿಸೆ ಹುಳಿಯ ಸಾರು ಕುದಿಸಿದರೆ ಸೀಸ ಸಾರಿಗೆ ಇಳಿಯುತ್ತದೆ. ಕಲಾಯಿಯವನಿಗೆ ಶುದ್ಧ ತವರ ಸುಲಭ ಬೆಲೆಗೆ ಸಿಗುವಂತೆ ಮಾಡುವುದು ಕೂಡ ಆರೋಗ್ಯ ಕಾರ್ಯಕ್ರಮವೇ.

ಸ್ಥಳೀಯವಾಗಿ ಮಾಡಿದವರು ಗೆದ್ದಿದ್ದಾರೆ

‘ಇದೆಲ್ಲ ಶ್ರೀಮಂತ ದೇಶಗಳ ಚಿಂತೆ, ನಮ್ಮಲ್ಲಿ ಹಸಿವು, ಕ್ಷಯ, ಡೆಂಗಿ ಇರುವಾಗ ಸೀಸವನ್ನು ಯಾರು ನೋಡುತ್ತಾರೆ’ ಎನ್ನುವವರಿದ್ದಾರೆ. ಅವರಿಗೆ ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ನ್ಯೂಯಾರ್ಕಿನದು. ಅಲ್ಲಿನ ಪೂರ್ವ ಹಾರ್ಲೆಮ್ ಪೋರ್ಟೊರಿಕೊದಿಂದ ಬಂದ ಬಡವರ ಕೇರಿ. ಹಳೆ ಮನೆಗಳ ಗೋಡೆಗಳಿಂದ ಸೀಸದ ಬಣ್ಣ ಎದ್ದು ಉದುರುತ್ತಿತ್ತು. ಅದರ ರುಚಿ ಸಿಹಿ, ಮಕ್ಕಳು ಆ ಚಕ್ಕೆಗಳನ್ನು ತಿನ್ನುತ್ತಿದ್ದರು. 1969ರಲ್ಲಿ ಯಂಗ್ ಲಾರ್ಡ್ಸ್ ಎಂಬ ಯುವಕರ ಸಂಘಟನೆ ನಗರದ ಆರೋಗ್ಯ ಇಲಾಖೆಯಲ್ಲಿ ಧರಣಿ ಕುಳಿತು ಪರೀಕ್ಷೆಯ ಕಿಟ್‌ಗಳನ್ನು ಪಡೆಯಿತು. ವೈದ್ಯಕೀಯ ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು ಮನೆಮನೆಗೆ ಹೋಗಿ ಮಕ್ಕಳನ್ನು ಪರೀಕ್ಷಿಸಿತು. ಸಿಕ್ಕಿದ್ದನ್ನು ಊರಿಗೆಲ್ಲ ಹೇಳಿತು. 1970ರಲ್ಲಿ ನ್ಯೂಯಾರ್ಕ್ ನಗರ ಸೀಸದ ವಿಷದ ನಿಯಂತ್ರಣಕ್ಕೆಂದೇ ವಿಭಾಗವೊಂದನ್ನು ತೆರೆಯಿತು. ಮರುವರ್ಷ ಅಮೆರಿಕದ ಕೇಂದ್ರ ಸರಕಾರ ಕಾನೂನು ತಂದು, ಇಂಥ ಕೆಲಸಕ್ಕಾಗಿ ಸ್ಥಳೀಯ ಆಡಳಿತಗಳಿಗೆ ಹಣ ನೀಡತೊಡಗಿತು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 88 ಮಂದಿಯ ರಕ್ತದಲ್ಲಿ 10 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸ ಇತ್ತು. 1990ರ ದಶಕದ ಮೊದಲ ಭಾಗದಲ್ಲಿ ಅದು ನೂರಕ್ಕೆ ಐದಕ್ಕಿಂತ ಕೆಳಗಿಳಿದಿತ್ತು. ಇಳಿಕೆಯ ದೊಡ್ಡ ಪಾಲು ಪೆಟ್ರೋಲ್ ಮತ್ತು ಆಹಾರದ ಡಬ್ಬಿಗಳಿಂದ ಸೀಸ ತೆಗೆದದ್ದರಿಂದ ಬಂತು. ಉಳಿದದ್ದನ್ನು ಮನೆಮನೆಯಲ್ಲಿ ಹುಡುಕಿದ್ದು ಸ್ಥಳೀಯ ಕಾರ್ಯಕ್ರಮಗಳು.

ಎರಡನೆಯದು ಶ್ರೀಮಂತ ದೇಶದ್ದಲ್ಲ, ನೆರೆಯ ಬಾಂಗ್ಲಾದೇಶದ್ದು. ಅಲ್ಲಿ ಹಳ್ಳಿಯ ಗರ್ಭಿಣಿಯರ ರಕ್ತದಲ್ಲಿ ಸೀಸ ಸಿಕ್ಕಿತು. ಹತ್ತಿರದಲ್ಲಿ ಕಾರ್ಖಾನೆಯಿಲ್ಲ, ಭಟ್ಟಿಯಿಲ್ಲ. ಸಂಶೋಧಕರು ಮೂಲ ಹುಡುಕುತ್ತಾ ಹೋದಾಗ ಅದು ಅಡುಗೆಮನೆಯ ಅರಿಶಿನದಲ್ಲಿ ಸಿಕ್ಕಿತು. ಬಣ್ಣ ಕುಂದಿದ ಕೊಂಬಿಗೆ ಹೊಳಪು ಕೊಡಲು ವರ್ತಕರು ಲೆಡ್ ಕ್ರೋಮೇಟ್ ಎಂಬ ಹಳದಿ ಪುಡಿ ಹಚ್ಚುತ್ತಿದ್ದರು. 2019ರಲ್ಲಿ ಸರಕಾರ ಎಚ್ಚೆತ್ತು ಮಾರುಕಟ್ಟೆಗಳಲ್ಲಿ ನೋಟಿಸು ಹಚ್ಚಿತು, ಸ್ಥಳದಲ್ಲೇ ಸೀಸ ಪತ್ತೆಹಚ್ಚುವ ಕೈಯಂತ್ರ ಹಿಡಿದು ಸಗಟು ಮಾರುಕಟ್ಟೆಗೆ ಹೋಗಿ ದಂಡ ಹಾಕಿತು. 2019ರಲ್ಲಿ ಪರೀಕ್ಷಿಸಿದ ಅರಿಶಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಇತ್ತು. 2021ರಲ್ಲಿ ಒಂದರಲ್ಲೂ ಇರಲಿಲ್ಲ. ಎರಡೇ ವರ್ಷ! ಅತ್ತ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ಪಾಟ್ನಾದ ಅರಿಶಿನದಲ್ಲೂ ಪಾಕಿಸ್ತಾನದ ಕರಾಚಿ, ಪೇಶಾವರಗಳ ಅರಿಶಿನದಲ್ಲೂ ವಿಪರೀತ ಸೀಸವನ್ನು ಕಂಡಿದೆ.

ಇಲ್ಲಿ ಆಗಬೇಕಾದ್ದು

ಕರ್ನಾಟಕದಲ್ಲಿ ಇದಕ್ಕಾಗಿ ಹೊಸ ಇಲಾಖೆಯೇ ಬೇಕಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಮಕ್ಕಳ ತಪಾಸಣೆ ಮಾಡುತ್ತಿವೆ. ಹುಟ್ಟು ನ್ಯೂನತೆ, ಪೋಷಕಾಂಶಗಳ ಕೊರತೆ, ಬೆಳವಣಿಗೆಯ ಹಿನ್ನಡೆ ಎಂದೆಲ್ಲ ಕಾರ್ಯಕ್ರಮ ಆರಂಭವಾದಾಗ ಕೊಟ್ಟ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಸೀಸದ ಹೆಸರಿಲ್ಲ. ಅದನ್ನು ಸೇರಿಸಬೇಕು. ಎಲ್ಲ ಮಕ್ಕಳನ್ನೂ ಒಂದೇ ದಿನ ಪರೀಕ್ಷಿಸಿ ಎಂದು ನಾನು ಕೇಳುತ್ತಿಲ್ಲ. ಬ್ಯಾಟರಿ ಶೆಡ್ಡು, ಗುಜರಿ, ಬಣ್ಣದ ಘಟಕ ಇರುವ ಓಣಿಗಳಿಂದ ಶುರುವಾಗಲಿ. ಬೆರಳ ತುದಿಯ ಎರಡು ಹನಿ ರಕ್ತದಿಂದ ಮೂರು ನಿಮಿಷದಲ್ಲಿ ಸೀಸ ಅಳೆಯುವ ಚಿಕ್ಕ ಯಂತ್ರಗಳಿವೆ. ಜಿಲ್ಲೆಗೊಂದು ಇದ್ದರೂ ಕೆಲಸ ಆರಂಭಿಸಬಹುದು.

ಒಂದು ಮಗುವಿನಲ್ಲಿ ಸೀಸ ಸಿಕ್ಕಿತೆಂದರೆ ಕೆಲಸ ಅಲ್ಲಿಂದಲೇ ಶುರು. ಆಶಾ ಕಾರ್ಯಕರ್ತೆಯೂ ಆರೋಗ್ಯ ನಿರೀಕ್ಷಕರೂ ಆ ಮನೆಗೆ ಹೋಗಿ ಮೂಲ ಹುಡುಕಬೇಕು. ಅಪ್ಪನ ಕೆಲಸವೇ, ಹಿತ್ತಲಿನ ಮಣ್ಣೇ, ಕಿಟಕಿಯ ಹಳೆ ಬಣ್ಣವೇ, ಸುರ್ಮಾವೇ, ಅರಿಶಿನವೇ ಎಂದು ನೋಡಬೇಕು. ಸಿಕ್ಕ ಮೂಲವನ್ನು ತೆಗೆಯುವ ಹೊಣೆ ಪಂಚಾಯತಿನದು, ನಗರಸಭೆಯದು. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಆದರೆ ಅದಕ್ಕೂ ಮೊದಲು ಬಳಿದ ಅಂಗನವಾಡಿಯ ಕಿಟಕಿ ಸರಳುಗಳನ್ನು ಯಾರು ನೋಡಿದ್ದಾರೆ?

ಹಸಿವು ಮೊದಲು, ಸೀಸ ಆಮೇಲೆ ಎನ್ನುವವರಿಗೂ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಪ್ರತಿ ಮೂರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಇದೆ. ಕಬ್ಬಿಣದ ಅಂಶ ಕಡಿಮೆಯಾದಾಗ ದೇಹ ಹೆಚ್ಚು ಸೀಸ ಹೀರುತ್ತದೆ, ಸೀಸ ಹೆಚ್ಚಾದಾಗ ರಕ್ತಹೀನತೆ ಇನ್ನಷ್ಟು ಬಿಗಡಾಯಿಸುತ್ತದೆ. ಮಧ್ಯಾಹ್ನದ ಊಟದಲ್ಲಿ ಮಗುವಿಗೆ ಮೊಟ್ಟೆ ಕೊಡಬೇಕೇ ಬೇಡವೇ ಎಂದು ದೊಡ್ಡವರು ಜಾತಿ ಧರ್ಮದ ಹೆಸರಿನಲ್ಲಿ ಜಗಳವಾಡಿದ ರಾಜ್ಯ ನಮ್ಮದು. ಹೊಟ್ಟೆ ತುಂಬಿದ ಮಗುವಿಗೆ ಸೀಸದ ವಿರುದ್ಧವೂ ಸ್ವಲ್ಪ ರಕ್ಷಣೆ ಇರುತ್ತದೆ ಎಂಬುದು ಆ ಜಗಳದಲ್ಲಿ ಯಾರಿಗೂ ನೆನಪಾಗಲಿಲ್ಲ.

ಸರಕಾರ ಮಾಡುವ ತನಕ ನಾವು ಕಾಯಬೇಕಿಲ್ಲ. ನಮ್ಮ ಜಮಾಅತ್‌ಗಳು, ಯುವಕರ ಸಂಘಟನೆಗಳು ರಕ್ತದಾನ ಶಿಬಿರಗಳನ್ನು ಎಷ್ಟು ಚೆನ್ನಾಗಿ ನಡೆಸುತ್ತವೆ ಎಂಬುದು ನಾಡಿಗೆಲ್ಲ ಗೊತ್ತು. ಅದೇ ಯುವಕರು ವೈದ್ಯಕೀಯ ಕಾಲೇಜೊಂದರ ನೆರವು ಪಡೆದು ತಮ್ಮ ಮೊಹಲ್ಲಾದ ಗುಜರಿ ಕಾರ್ಮಿಕರ ಮಕ್ಕಳ ರಕ್ತ ಪರೀಕ್ಷೆ ಮಾಡಿಸಲಿ. ಹಿಂದೂ ಮಕ್ಕಳು, ಮುಸ್ಲಿಮ್ ಮಕ್ಕಳು ಎಂದು ನೋಡದೆ ಓಣಿಯ ಎಲ್ಲ ಮಕ್ಕಳದ್ದೂ ಆಗಲಿ. ಸಿಕ್ಕ ಅಂಕಿಯನ್ನು ಹಿಡಿದು ಜಿಲ್ಲಾಧಿಕಾರಿಯ ಕಚೇರಿಗೆ ಹೋಗಲಿ. ಹಾರ್ಲೆಮ್‌ನ ಹುಡುಗರು ಮಾಡಿದ್ದು ಇದನ್ನೇ.

ಮುಸ್ಲಿಮರ ಶೈಕ್ಷಣಿಕ ಹಿಂದುಳಿದಿರುವಿಕೆಯ ಬಗ್ಗೆ 2006ರ ಸಾಚಾರ್ ವರದಿಯಿಂದ ಇಂದಿನವರೆಗೆ ಬೇಕಾದಷ್ಟು ಚರ್ಚೆಯಾಗಿದೆ. ಬಡತನ, ತಾರತಮ್ಯ, ಶಾಲೆಗಳ ಕೊರತೆ ಎಲ್ಲವೂ ನಿಜ. ಆದರೆ ಭಟ್ಟಿಯ ಪಕ್ಕದಲ್ಲಿ ಬೆಳೆದ ಹುಡುಗನೊಬ್ಬ ಏಳನೇ ತರಗತಿಗೆ ಬಂದರೂ ಕೂಡಿಸಿ ಕಳೆಯಲು ತಡಕಾಡಿದಾಗ ಮೇಷ್ಟ್ರು ‘ದಡ್ಡ’ ಎಂದು ಕೂರಿಸುತ್ತಾರೆ. ಅಪ್ಪ ‘ಓದು ತಲೆಗೆ ಹತ್ತುವುದಿಲ್ಲ, ಕೆಲಸಕ್ಕೆ ಬಾ’ ಎಂದು ಅದೇ ಶೆಡ್ಡಿಗೆ ಕರೆದೊಯ್ಯುತ್ತಾನೆ. ಅವನ ರಕ್ತದಲ್ಲಿ ಏನಿತ್ತೆಂದು ಯಾರೂ ನೋಡಲಿಲ್ಲ. ಆ ಹುಡುಗ ನಾಳೆ ಮದುವೆಯಾಗುತ್ತಾನೆ, ಮಗುವಾಗುತ್ತದೆ, ಸಂಜೆ ಆ ಮಗು ಓಡಿಬಂದು ಅವನ ಅಂಗಿಯನ್ನು ಹಿಡಿದುಕೊಳ್ಳುತ್ತದೆ. ಆ ಮಗುವಿನ ರಕ್ತವನ್ನಾದರೂ ನಾವು ನೋಡೋಣ.